ಆಲ್ಟರ್ ಬೇರೆ, ಕನ್ವರ್ಟ್ ಬೇರೆ

ಎರಡಕ್ಕೂ ನಾವು ‘ಚೇಂಜ್ ಮಾಡೋದು’ ಅಂತೀವಿ. ಆದ್ರೆ ಪ್ಯಾಂಟು ಆಲ್ಟರ್ ಮಾಡಿಸಿದ್ರೆ ಅಳತೆ ಬದಲಾಗುತ್ತೆ, ಪ್ಯಾಂಟು ಪ್ಯಾಂಟಾಗೇ ಇರುತ್ತೆ. ಕನ್ವರ್ಟ್ ಅಂದ್ರೆ ಬಗೆಯೇ ಬದಲು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಏರಿಳಿಸಿದ್ರೂ ಎಸಿ ಎಸಿಯೇ. ರೆಕ್ಟಿಫೈಯರ್ ಅದನ್ನ ಡಿಸಿಗೆ ಕನ್ವರ್ಟ್ ಮಾಡುತ್ತೆ. (ಹೆಸರು ಮಾತ್ರ ಟ್ರಾನ್ಸ್‌ಫಾರ್ಮರ್‌ದೇ ದೊಡ್ಡದು!)

ನಮ್ಮ ಮಾಲೂರು, ಕೋಲಾರದ ಕಡೆ ಇಂಗ್ಲಿಷ್ ಬಾರದವರಿಗೂ ‘ಕನ್ವರ್ಷನ್’ ಗೊತ್ತು. ಸೈಟ್ ನೋಡೋಕೆ ಹೋದೋರು ಕೇಳೋದೇ, “ಡಿಸಿ ಕನ್ವರ್ಷನ್ ಆಗಿದ್ಯಾ?” ಈ ಡಿಸಿ ಕರೆಂಟಲ್ಲ, ಜಿಲ್ಲಾಧಿಕಾರಿ. ಕೃಷಿ ಜಮೀನನ್ನ ಬೇರೆ ಉದ್ದೇಶಕ್ಕೆ ಬಳಸೋಕೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಅವರ ಅನುಮತಿ ಬೇಕು. ಕನ್ನಡದಲ್ಲಿ ‘ಭೂಪರಿವರ್ತನೆ’. ಡಿಸಿ ಕರೆಂಟನ್ನ ಇನ್ವರ್ಟರ್ ವಾಪಸ್ ಎಸಿ ಮಾಡುತ್ತೆ. ಲೇಔಟ್ ಆದ ಜಾಗದಲ್ಲಿ ಮತ್ತೆ ರಾಗಿ ಬಿತ್ತಿದ್ದನ್ನ ನಾನಂತೂ ನೋಡಿಲ್ಲ.