ಅಂಗಡಿಯ ಆಸರೆ ನಂಬಿದವರು: ವೇಕೋ ಪೇಟೆಯ ಸುಂಟರಗಾಳಿ

ಬೇಸಿಗೆಯ ಮಧ್ಯಾಹ್ನ ಒಣಗಿದ ಎಲೆ, ಕಾಗದದ ಚೂರುಗಳನ್ನು ಗಿರಗಿರನೆ ತಿರುಗಿಸಿ ಎತ್ತಿಕೊಂಡು ಹೋಗುವ ಸುಂಟರಗಾಳಿ ನಮ್ಮ ವಾಚಕರಿಗೆಲ್ಲ ಪರಿಚಿತವೇ. ಅದು ನೆಲದ ಕಾವಿನಿಂದ ಏಳುವಂಥದು, ಬೇಗನೆ ಅಡಗುತ್ತದೆ. ಗುಡುಗುಮೋಡದಿಂದ ನೆಲಕ್ಕಿಳಿಯುವ ‘ಟೊರ್ನಾಡೊ’ ಬೇರೆಯೇ ಜಾತಿಯದು. 1953ರ ಮೇ 11, ಸೋಮವಾರ, ಅಮೆರಿಕದ ಟೆಕ್ಸಾಸ್ ರಾಜ್ಯದ ವೇಕೋ ಪಟ್ಟಣದ ಮೇಲೆ ಅದು ಹಾಯ್ದುಹೋದಾಗ 114 ಜನ ಪ್ರಾಣ ಕಳೆದುಕೊಂಡರು. ಗಾಯಗೊಂಡವರು ಸುಮಾರು 600.

ವೇಕೋದವರಿಗೆ ಒಂದು ನಂಬಿಕೆಯಿತ್ತು. ಊರು ತಗ್ಗಿನಲ್ಲಿದೆ, ಸುತ್ತಲಿನ ದಿನ್ನೆಗಳು ಕಾಯುತ್ತವೆ, ಇಲ್ಲಿಗೆ ಟೊರ್ನಾಡೊ ಬಾರದು ಎಂದು. ಅಲ್ಲಿನ ಮೂಲನಿವಾಸಿಗಳೇ ಹೀಗೆ ಹೇಳುತ್ತಿದ್ದರೆಂಬ ಪ್ರತೀತಿಯೂ ಇತ್ತು. ಅಂದು ಹವಾಮಾನ ಇಲಾಖೆ ಮುನ್ಸೂಚನೆ ಕೊಟ್ಟಿದ್ದರೂ ಪೇಟೆ ಎಂದಿನಂತೆಯೇ ನಡೆದಿತ್ತು. ಸಂಜೆ ಕತ್ತಲು ಕವಿದು ಮಳೆ ಸುರಿಯತೊಡಗಿತು. ಬೀದಿಯಲ್ಲಿದ್ದವರು ಏನು ಮಾಡಬೇಕು? ನಾವಾದರೂ ಮಾಡುವುದನ್ನೇ ಮಾಡಿದರು, ಹತ್ತಿರದ ಅಂಗಡಿಯೊಳಗೆ ಓಡಿದರು.

4 ಗಂಟೆ 36 ನಿಮಿಷಕ್ಕೆ ಗಾಳಿ ಪೇಟೆಯ ನಡುವೆಯೇ ಬಂತು. ಆರ್. ಟಿ. ಡೆನ್ನಿಸ್ ಎಂಬ ಫರ್ನಿಚರ್ ಮಳಿಗೆ ಕುಸಿದು ಅಲ್ಲೊಂದರಲ್ಲೇ 30 ಜನ ಸತ್ತರು. ಹಳೆಯ ಪದ್ಧತಿಯ ಇಂಥ ಮಳಿಗೆಗಳಲ್ಲಿ ಇಟ್ಟಿಗೆಯ ಗೋಡೆಗಳೇ ಮಾಳಿಗೆಯ ಭಾರ ಹೊರುವುದು. ಗೋಡೆ ಹೋಯಿತೆಂದರೆ ಎಲ್ಲವೂ ಹೋಯಿತು. ಬೀದಿಯಲ್ಲಿ ಇಟ್ಟಿಗೆಗಳು ಐದು ಅಡಿ ಎತ್ತರ ಬಿದ್ದಿದ್ದವು, ಕಾರುಗಳಲ್ಲಿ ಕುಳಿತವರೂ ಅವುಗಳಡಿ ಸಿಕ್ಕರು. ಕೆಲವರನ್ನು 14 ತಾಸುಗಳ ನಂತರ ಜೀವಸಹಿತ ಹೊರತೆಗೆದರು. ಶವಗಳನ್ನೆಲ್ಲ ತೆಗೆಯಲು ದಿನಗಳೇ ಹಿಡಿದವು.

ಆಶ್ಚರ್ಯವೆಂದರೆ, ಅದೇ ನಾಲ್ಕು ರಸ್ತೆ ಕೂಡುವಲ್ಲಿ 1911ರಲ್ಲಿ ಕಟ್ಟಿ ಮುಗಿಸಿದ 22 ಅಂತಸ್ತಿನ ವಿಮಾ ಕಂಪನಿಯ ಕಟ್ಟಡ ಹೊಯ್ದಾಡಿತಾದರೂ ಬೀಳಲಿಲ್ಲ. ಅದರ ಮೈಯೊಳಗೆ ಉಕ್ಕಿನ ಚೌಕಟ್ಟಿತ್ತು. ಎತ್ತರದ ಕಟ್ಟಡಕ್ಕೇ ಗಾಳಿಯ ಭಯ ಹೆಚ್ಚೆಂದು ತಿಳಿದವರು ಇದನ್ನು ಗಮನಿಸಬೇಕು. ಅದು ಇಂದಿಗೂ ನಿಂತಿದೆ.

ಸುಮಾರು 200 ವ್ಯಾಪಾರದ ಕಟ್ಟಡಗಳು ಪೂರ್ತಿ ನೆಲಸಮವಾದವು. ಅದಕ್ಕಿಂತ ಹೆಚ್ಚಿನವು ನಿಂತಿದ್ದರೂ ಕೆಡವದೆ ಗತಿಯಿರಲಿಲ್ಲ. ಗಲ್ಲಾಪೆಟ್ಟಿಗೆ, ಖಾತೆವಹಿ, ಸರಕು ಎಲ್ಲವೂ ಮಣ್ಣುಪಾಲಾದವನು ಅದೇ ಜಾಗದಲ್ಲಿ ಮತ್ತೆ ಅಂಗಡಿ ಹೂಡುವುದು ಸುಲಭದ ಮಾತಲ್ಲವೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಎಷ್ಟೋ ವ್ಯಾಪಾರಿಗಳು ಹಳೆಯ ಪೇಟೆಗೆ ತಿರುಗಿ ಬರಲೇ ಇಲ್ಲ. ಗಿರಾಕಿಗಳೂ ಊರಹೊರಗಿನ ಹೊಸ ಬಡಾವಣೆಗಳತ್ತ ಸರಿದರು. ಪೇಟೆ ಬಹುಕಾಲ ಕಳೆಗುಂದಿತು.

ಅದೇ ವರ್ಷದ ಜೂನ್ ತಿಂಗಳಲ್ಲಿ ಟೆಕ್ಸಾಸ್‌ನವರು ಸಭೆ ಸೇರಿದರು. ಯುದ್ಧಕಾಲದಿಂದ ಉಳಿದ ರೇಡಾರ್ ಯಂತ್ರಗಳನ್ನು ಮೋಡ ನೋಡಲು ಹೂಡಬೇಕೆಂದೂ ಊರೂರು ಅದಕ್ಕೆ ಹಣ ಕೊಡಬೇಕೆಂದೂ ಮಾತಾಯಿತು. ವೇಕೋವೂ ತನ್ನ ಪಾಲು ಹಾಕಿತು.