ಅಕ್ಕಿಯ ತವುಡೂ ಹೃದಯದ ಆರೋಗ್ಯವೂ

ಬತ್ತವನ್ನು ಗಿರಣಿಗೆ ಕಳುಹಿಸುವ ಜಮೀನುದಾರರು ಅಕ್ಕಿಯ ತೂಕವನ್ನು ವಿಚಾರಿಸುವರಲ್ಲದೆ ತವುಡಿನ ಲೆಕ್ಕವನ್ನು ಕೇಳುವವರು ವಿರಳ. ಕೂಲಿಗೆ ಬದಲಾಗಿ ಅದನ್ನು ಗಿರಣಿಯವನಿಗೇ ಬಿಟ್ಟುಬರುವ ರೂಢಿಯೂ ಕೆಲವೆಡೆ ಉಂಟು. ಬತ್ತದ ತೂಕದಲ್ಲಿ ಸೇಕಡಾ ಸುಮಾರು 8 ಭಾಗ ತವುಡು. ಶುದ್ಧವಾದ ತವುಡಿನಲ್ಲಿ ಸೇಕಡಾ 15ರಿಂದ 20ರವರೆಗೆ ಎಣ್ಣೆ. ಇದು ಅಲ್ಪವೆಂದು ಬಿಡತಕ್ಕ ಪದಾರ್ಥವಲ್ಲ.

ಈ ಎಣ್ಣೆಯಲ್ಲಿ ಒರೈಜನಾಲ್ ಎಂಬ ವಸ್ತುವೂ, ಸಸ್ಯಜನ್ಯವಾದ ಸ್ಟೆರಾಲುಗಳೂ, ‘ಇ’ ಜೀವಸತ್ವದ ವರ್ಗಕ್ಕೆ ಸೇರಿದ ಕೆಲವು ವಸ್ತುಗಳೂ ಇರುತ್ತವೆ. ಸ್ಟೆರಾಲುಗಳು ಕರುಳಿನಲ್ಲಿ ಕೊಲೆಸ್ಟರಾಲಿನ ಹೀರಿಕೆಯನ್ನು ತಗ್ಗಿಸುತ್ತವೆ. ರಕ್ತದಲ್ಲಿ ಎಲ್.ಡಿ.ಎಲ್. ಎಂಬ ಬಗೆಯ ಕೊಲೆಸ್ಟರಾಲು ಹೆಚ್ಚಿದಷ್ಟೂ ಹೃದಯದ ರಕ್ತನಾಳಗಳು ಕಟ್ಟಿಕೊಳ್ಳುವ ಭಯವು ಹೆಚ್ಚು. ಇತರ ಎಣ್ಣೆಗಳ ಬದಲು ತವುಡೆಣ್ಣೆಯನ್ನು ಉಪಯೋಗಿಸಿದವರಲ್ಲಿ ಅದು ಕೆಲಮಟ್ಟಿಗೆ ಇಳಿದುದು ಪರೀಕ್ಷೆಗಳಿಂದ ವಿಶದವಾಗಿದೆ. ಹಾಗೆಂದು ಇದು ಔಷಧವಲ್ಲ. ವೈದ್ಯರು ಕೊಟ್ಟ ಗುಳಿಗೆಯನ್ನು ಬಿಟ್ಟು ಎಣ್ಣೆಯನ್ನು ನಂಬತಕ್ಕದ್ದಲ್ಲ.

ತೊಡಕಿರುವುದು ತವುಡು ಕೆಡುವ ವೇಗದಲ್ಲಿ. ಕಾಳು ಅಖಂಡವಾಗಿರುವಾಗ ಎಣ್ಣೆಯೂ, ಅದನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಬೇರೆಬೇರೆಯಾಗಿರುತ್ತವೆ. ಗಿರಣಿಯಲ್ಲಿ ಪದರಗಳು ಸವೆದೊಡನೆ ಅವೆರಡೂ ಕೂಡಿ ಎಣ್ಣೆಯಲ್ಲಿ ಆಮ್ಲವು ಹುಟ್ಟತೊಡಗುತ್ತದೆ. ಮೊದಲ ದಿನಗಳಲ್ಲಿ ದಿನವೊಂದಕ್ಕೆ ಸೇಕಡಾ 5ರಿಂದ 7ರಷ್ಟು ಏರುವುದೂ ಉಂಟು. ಆಮ್ಲವೇರಿದ ಎಣ್ಣೆಯು ಸಾಬೂನಿಗಲ್ಲದೆ ಅಡುಗೆಗೆ ಒದಗದು. ಕ್ಷಾರವನ್ನು ಹಾಕಿ ಶುದ್ಧಿಮಾಡಿದರೆ ಆಮ್ಲದೊಡನೆ ಒರೈಜನಾಲಿನ ಬಹುಭಾಗವೂ ತೊಳೆದುಹೋಗುತ್ತದೆ. ವಾರಗಟ್ಟಲೆ ಮೂಲೆಯಲ್ಲಿ ಬಿದ್ದ ಕಮಟು ತವುಡಿಗೆ ಒಳ್ಳೆಯ ಬೆಲೆ ಬರಲಿಲ್ಲವೆಂದು ವ್ಯಾಪಾರಿಯನ್ನು ದೂರುವುದು ನ್ಯಾಯವಲ್ಲ.

ಆದುದರಿಂದ ತವುಡನ್ನು ಗಿರಣಿಯಿಂದ ಬಿದ್ದ ದಿನವೇ ಎಣ್ಣೆಯ ಕಾರ್ಖಾನೆಗೆ ಮುಟ್ಟಿಸಬೇಕು. ಇಲ್ಲವೆ ಗಿರಣಿಯಲ್ಲಿಯೇ ಹಬೆಯಿಂದ ಕಾಯಿಸಿ ಒಣಗಿಸಬೇಕು. ಬಿಸಿಲಿಗೆ ಹರಡಿದರೆ ಸಾಲದು, ಅಷ್ಟು ಶಾಖಕ್ಕೆ ಕಿಣ್ವವು ನಾಶವಾಗದು. ಕರಾವಳಿಯ ಕುಸುಬಲಕ್ಕಿಯ ತವುಡಿಗೆ ಮಾತ್ರ ಈ ಬಾಧೆ ಕಡಿಮೆ. ಬತ್ತವನ್ನು ಬೇಯಿಸುವಾಗಲೇ ಕಿಣ್ವವು ಸತ್ತಿರುತ್ತದೆ, ಎಣ್ಣೆಯ ಅಂಶವೂ ಹೆಚ್ಚಾಗಿರುತ್ತದೆ.

ಹಳೆಯ ಹಲ್ಲರ್ ಯಂತ್ರದಲ್ಲಿ ಹೊಟ್ಟೂ ತವುಡೂ ಬೆರೆತು ಬೀಳುವುದರಿಂದ ಅದು ಎಣ್ಣೆಗೆ ಬಾರದು. ರಬ್ಬರಿನ ಉರುಳೆಗಳ ಯಂತ್ರವು ಹೊಟ್ಟನ್ನು ಮೊದಲೇ ಬೇರ್ಪಡಿಸುತ್ತದೆ. ಗ್ರಾಮದಲ್ಲಿ ಹೊಸ ಗಿರಣಿಯನ್ನು ಹಾಕಿಸುವ ಮುಖಂಡರು ಇದನ್ನು ವಿಚಾರಿಸಿಯೇ ಯಂತ್ರವನ್ನು ಗೊತ್ತುಮಾಡತಕ್ಕದ್ದು. ಒಬ್ಬರ ತವುಡು ಒಂದು ಗಾಡಿಗೂ ಸಾಲದಿರಬಹುದು. ಹತ್ತಾರು ಮಂದಿ ಸಹಕಾರ ಸಂಘದ ಮೂಲಕ ಒಂದೇ ದಿನ ಬತ್ತವನ್ನು ಮಾಡಿಸಿದರೆ ಸಾಗಣೆಯು ಸುಲಭ. ದನಗಳ ಪಾಲು ತಪ್ಪುವುದೆಂದು ಶಂಕಿಸಬೇಕಾದುದಿಲ್ಲ, ಎಣ್ಣೆ ತೆಗೆದ ತವುಡೂ ಪಶುಗಳ ಆಹಾರಕ್ಕೆ ಸಲ್ಲುತ್ತದೆ.