ಮೇಯರನ ಗಡಿಯಾರ

ಹಣವನ್ನು ಬೆಳೆಯುತ್ತೇವೆ ಎಂದರೆ ನಮ್ಮ ಹಿರಿಯರು ನಕ್ಕಾರು. ಬೆಳೆಯತಕ್ಕದ್ದು ರಾಗಿ, ಭತ್ತ, ಅಡಿಕೆ. ಹಣವೇನಿದ್ದರೂ ಆ ಬೆಳೆಯನ್ನು ಮಾರಿದ ಮೇಲೆ ಕೈಗೆ ಬರತಕ್ಕದ್ದು. ಆದರೆ ಮೊಬೈಲಿನ ಆಟಗಳಲ್ಲಿ ಪಳಗಿದ ತರುಣರ ಮಾತಿನಲ್ಲಿ ‘ಫಾರ್ಮಿಂಗ್’ ಎಂಬ ಶಬ್ದ ಧಾರಾಳವಾಗಿ ಓಡಾಡುತ್ತದೆ. ಆಟದೊಳಗಿನ ನಾಣ್ಯವನ್ನು ಕ್ರಮವರಿತು, ಬೆಳೆಯ ಮೇಲೆ ಬೆಳೆ ತೆಗೆದಂತೆ, ಮತ್ತೆ ಮತ್ತೆ ಸಂಪಾದಿಸುವುದೇ ಅದರ ಅರ್ಥ. ಇದನ್ನು ಬರಿಯ ರೂಪಕವೆಂದು ತಳ್ಳಿಹಾಕುವ ಹಾಗಿಲ್ಲ. ಬಿತ್ತನೆ, ಕಾಯುವಿಕೆ, ಕೊಯ್ಲು, ಕಣಜ, ಸಂತೆ—ಎಲ್ಲವೂ ಅಲ್ಲಿವೆ, ಮಳೆಯೊಂದಿಲ್ಲ. ಮಳೆಯ ಸ್ಥಾನದಲ್ಲಿ ಗಡಿಯಾರವಿದೆ.

ನನ್ನ ಮನಸ್ಸಿನಲ್ಲಿರುವುದು ‘ಸಿಮ್‌ಸಿಟಿ ಬಿಲ್ಡ್‌ಇಟ್’ ಎಂಬ ನಗರನಿರ್ಮಾಣದ ಆಟ. ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ 2014ರ ಡಿಸೆಂಬರಿನಲ್ಲಿ ಹೊರತಂದ ಇದನ್ನು ನಾನು ಕೆಲವು ಕಾಲದಿಂದ ಆಡುತ್ತಿದ್ದೇನೆ. ಕನ್ನಡ ಪಾಠ ಹೇಳುವವನಿಗೆ ಇದೇನು ಹುಚ್ಚು ಎಂದು ಕೇಳುವವರುಂಟು. ಚದುರಂಗದ ಹುಚ್ಚನ್ನು ಕ್ಷಮಿಸಿದವರು ಇದನ್ನೂ ಕ್ಷಮಿಸಬೇಕು ಎಂಬುದಷ್ಟೇ ನನ್ನ ಉತ್ತರ.

ಈ ಆಟದ ಮೂಲಪುರುಷ ವಿಲ್ ರೈಟ್ ಎಂಬ ಅಮೆರಿಕದವನು. 1984ರಲ್ಲಿ ಬಂದ ಒಂದು ಯುದ್ಧದ ಆಟಕ್ಕಾಗಿ ಆತ ದ್ವೀಪಗಳನ್ನೂ ಊರುಗಳನ್ನೂ ರಚಿಸುತ್ತಿದ್ದ. ಆಗ, ಅವುಗಳ ಮೇಲೆ ಬಾಂಬು ಹಾಕುವುದಕ್ಕಿಂತ ಅವನ್ನು ಕಟ್ಟುವುದೇ ಹೆಚ್ಚು ಸೊಗಸು ಎಂಬುದು ಆತನ ಅನುಭವಕ್ಕೆ ಬಂತು. ಆ ಅನುಭವದ ಜತೆಗೆ ಜೇ ಫಾರೆಸ್ಟರ್ ಎಂಬ ವಿದ್ವಾಂಸ ನಗರಗಳ ಏಳುಬೀಳುಗಳನ್ನು ಗಣಿತದ ಸೂತ್ರಗಳಿಗೆ ತಂದು 1969ರಲ್ಲಿ ಪ್ರಕಟಿಸಿದ ಗ್ರಂಥವೂ ಕೂಡಿಕೊಂಡು, 1989ರಲ್ಲಿ ಮೊದಲ ‘ಸಿಮ್‌ಸಿಟಿ’ ಹುಟ್ಟಿತು. ಅದರಲ್ಲಿ ಮೇಯರನಿಗೆ ಹಣ ಬರುತ್ತಿದ್ದುದು ತೆರಿಗೆಯಿಂದ. ವರ್ಷಕ್ಕೊಮ್ಮೆ ಆಯವ್ಯಯದ ಪತ್ರ ಕಣ್ಣೆದುರು ಬರುವುದು. ತೆರಿಗೆ ಶೇಕಡಾ ಎಷ್ಟು, ರಸ್ತೆಗೆಷ್ಟು, ಪೊಲೀಸಿಗೆಷ್ಟು, ಅಗ್ನಿಶಾಮಕಕ್ಕೆಷ್ಟು ಎಂದು ಗೊತ್ತುಮಾಡಬೇಕು. ತೆರಿಗೆ ಏರಿಸಿದರೆ ಜನ ಊರು ಬಿಡುವರು, ಇಳಿಸಿದರೆ ಬೊಕ್ಕಸ ಬರಿದು. ಆದರೆ ಕಾಲ ಮಾತ್ರ ಮೇಯರನ ಅಧೀನ. ಬೇಕೆಂದರೆ ವೇಗವನ್ನು ಹೆಚ್ಚಿಸಿ ವರ್ಷಗಳನ್ನು ನಿಮಿಷಗಳಲ್ಲಿ ಉರುಳಿಸಬಹುದಾಗಿತ್ತು; ಅದಕ್ಕೆ ಕಾಸಿನ ಖರ್ಚಿರಲಿಲ್ಲ.

ಮೊಬೈಲಿನ ಆಟದಲ್ಲಿ ಈ ಸಂಬಂಧ ತಲೆಕೆಳಗಾಗಿದೆ. ತೆರಿಗೆಯೇನೋ ಇದೆ, ಜನಸಂಖ್ಯೆಯನ್ನೂ ಜನರ ಸಂತೃಪ್ತಿಯನ್ನೂ ಅನುಸರಿಸಿ ಅದು ಬರುತ್ತದೆ. ಆದರೆ ಊರು ಬೆಳೆಯುವ ಭರಕ್ಕೆ ಆ ತೆರಿಗೆ ಸಾಲದು. ಮೇಯರನೇ ಕಾರ್ಖಾನೆಗಳಲ್ಲಿ ಕಚ್ಚಾ ಪದಾರ್ಥ ಮಾಡಿಸಬೇಕು, ಅಂಗಡಿಗಳಲ್ಲಿ ಅದನ್ನು ಸರಕಾಗಿಸಬೇಕು, ಮಿಕ್ಕ ಮೇಯರುಗಳಿಗೆ ಮಾರಬೇಕು. ಇಲ್ಲಿ ಓಡುವುದು ನಮ್ಮ ನಿಮ್ಮ ಗೋಡೆಯ ಗಡಿಯಾರ. ಏಳು ಘಂಟೆಯ ಕೆಲಸಕ್ಕೆ ಏಳು ಘಂಟೆಯೇ ಹಿಡಿಯುತ್ತದೆ. ಹಳೆಯ ಆಟದಲ್ಲಿ ಪುಕ್ಕಟೆಯಾಗಿದ್ದ ಕಾಲವೇ ಹೊಸ ಆಟದಲ್ಲಿ ನಿಜವಾದ ಬಂಡವಾಳ.

ಮೇಲ್ನೋಟದ ನಾಣ್ಯದ ಹೆಸರು ‘ಸಿಮೋಲಿಯನ್’. ಇದು ಆಟಕ್ಕಾಗಿ ಟಂಕಿಸಿದ ಪದವಲ್ಲ. ಡಾಲರಿಗೆ ಅಮೆರಿಕದ ಜನ ಆಡುಮಾತಿನಲ್ಲಿ ಇಟ್ಟಿದ್ದ ಒಂದು ಹಳೆಯ ಹೆಸರು. ನಾಣ್ಯದ ಹೆಸರಿನ ಆಯುಸ್ಸು ನಾಣ್ಯದ ಆಯುಸ್ಸಿಗಿಂತ ದೊಡ್ಡದು. ‘ಹಣ’ ಎಂಬುದೂ ‘ದುಡ್ಡು’ ಎಂಬುದೂ ಒಂದು ಕಾಲಕ್ಕೆ ನಮ್ಮಲ್ಲಿ ಗೊತ್ತಾದ ಒಂದೊಂದು ನಾಣ್ಯದ ಹೆಸರುಗಳೇ ಆಗಿದ್ದವಲ್ಲವೆ?

ಇನ್ನು ಲೆಕ್ಕಕ್ಕೆ ಬರೋಣ. ಬೇಸಾಯದ ಗುಟ್ಟು ಅಲ್ಲಿದೆ.

ಕಾರ್ಖಾನೆಯಲ್ಲಿ ಲೋಹ ಒಂದು ನಿಮಿಷದಲ್ಲಿ ಸಿದ್ಧವಾಗುತ್ತದೆ. ಅದರ ಅತ್ಯುಚ್ಚ ಮಾರುಬೆಲೆ 10 ನಾಣ್ಯ. ಮರಕ್ಕೆ ಮೂರು ನಿಮಿಷ, 20 ನಾಣ್ಯ. ಹೀಗೆಯೇ ಏರುತ್ತ ಹೋಗಿ, ವಿದ್ಯುತ್ ಬಿಡಿಭಾಗಕ್ಕೆ ಏಳು ಘಂಟೆ, 160 ನಾಣ್ಯ. ಘಂಟೆಯ ಲೆಕ್ಕ ಹಿಡಿದರೆ ಲೋಹ 600 ನಾಣ್ಯ ತರುತ್ತದೆ. ವಿದ್ಯುತ್ ಭಾಗ 23ನ್ನೂ ಮುಟ್ಟುವುದಿಲ್ಲ. ಹಾಗಾದರೆ ಸದಾ ಲೋಹವನ್ನೇ ಬಿತ್ತಬೇಕಲ್ಲವೆ? ಬಿತ್ತಬಹುದು, ಪ್ರತಿ ನಿಮಿಷವೂ ಕೊಯ್ಯಲು ಕೈ ಬಿಡುವಾಗಿದ್ದರೆ. ರಾತ್ರಿ ಮಲಗುವ ಮುನ್ನ ಲೋಹ ಹಾಕಿದವನಿಗೆ ಬೆಳಗ್ಗೆ ಸಿಕ್ಕುವುದು ತಾಣವೊಂದಕ್ಕೆ ಹತ್ತೇ ನಾಣ್ಯ. ವಿದ್ಯುತ್ ಭಾಗ ಹಾಕಿದವನಿಗೆ ನೂರರುವತ್ತು. ಲೋಹ ಹಿತ್ತಲ ಸೊಪ್ಪಿದ್ದಂತೆ, ಚಿಗುರಿದ ಹಾಗೆ ಕಿತ್ತುಕೊಳ್ಳುತ್ತಿರಬೇಕು. ವಿದ್ಯುತ್ ಭಾಗ ಅಡಿಕೆಯಿದ್ದಂತೆ, ನೆಟ್ಟವನು ತನ್ನ ಪಾಡಿಗೆ ತಾನು ಬೇರೆ ಕೆಲಸ ನೋಡಿಕೊಳ್ಳಬಹುದು.

ಅಂಗಡಿಗಳಲ್ಲಿ ಈ ತತ್ತ್ವ ಇನ್ನೂ ಸ್ವಾರಸ್ಯಕರವಾಗಿದೆ. ಕಾರ್ಖಾನೆಯ ತಾಣಗಳೆಲ್ಲ ಏಕಕಾಲಕ್ಕೆ ದುಡಿಯುತ್ತವೆ. ಅಂಗಡಿಯಲ್ಲಿ ಹಾಗಲ್ಲ, ಒಂದು ಮುಗಿದ ಮೇಲೆ ಇನ್ನೊಂದು. ಕಟ್ಟಡ ಸಾಮಗ್ರಿಯ ಅಂಗಡಿಯನ್ನೇ ತೆಗೆದುಕೊಳ್ಳಿ. ಎರಡು ಲೋಹದಿಂದ ಐದು ನಿಮಿಷದಲ್ಲಿ ಮೊಳೆ ಆಗುತ್ತದೆ, ಬೆಲೆ 80. ಲೋಹದ 20ನ್ನು ಕಳೆದರೆ 60 ಲಾಭ. ಅದೇ ಅಂಗಡಿಯಲ್ಲಿ ಎರಡು ಖನಿಜ ಮತ್ತು ಒಂದು ರಾಸಾಯನಿಕದಿಂದ ಐವತ್ತು ನಿಮಿಷಕ್ಕೆ ಸಿಮೆಂಟು ಆಗುತ್ತದೆ, ಬೆಲೆ 440. ಸಾಮಗ್ರಿಯ 140ನ್ನು ಕಳೆದರೆ 300 ಲಾಭ. ಘಂಟೆಗೆ ಮೊಳೆಯ ಲಾಭ 720, ಸಿಮೆಂಟಿನದು 360. ‘ಮೊಳೆ ಮಾಡಿ, ಹಣ ಮಾಡಿ’ ಎಂದು ಹೊಸಬರಿಗೆ ಹಳಬರು ಉಪದೇಶಿಸುವುದು ಈ ಲೆಕ್ಕದ ಬಲದ ಮೇಲೆಯೇ.

ಲೆಕ್ಕ ಸರಿ, ಆದರೆ ಅರ್ಧ ಲೆಕ್ಕ. ಅಂಗಡಿಯ ಸರದಿಯಲ್ಲಿ ಐದು ಸರಕಿಗೆ ಎಡೆಯಿದೆ ಎಂದಿಟ್ಟುಕೊಳ್ಳೋಣ. ಐದು ಮೊಳೆ ಇಪ್ಪತ್ತೈದು ನಿಮಿಷಕ್ಕೆ ಮುಗಿದವು, ಲಾಭ 300. ಅನಂತರ ನಾವು ಬಂದು ನೋಡುವವರೆಗೆ ಅಂಗಡಿ ಸುಮ್ಮನಿರುತ್ತದೆ. ಐದು ಸಿಮೆಂಟು ಮುಗಿಯಲು ನಾಲ್ಕು ಘಂಟೆ ಹತ್ತು ನಿಮಿಷ, ಲಾಭ 1,500. ಬೆಳಗ್ಗೆ ಕಾಲೇಜಿಗೆ ಹೊರಟವನು ಮಧ್ಯಾಹ್ನದ ಬಿಡುವಿನವರೆಗೆ ಆಟದ ಕಡೆ ತಿರುಗಿ ನೋಡಲಾರ. ಅವನ ಪಾಲಿಗೆ ಸಿಮೆಂಟು ಮೊಳೆಯ ಐದು ಪಾಲು. ಘಂಟೆಗೆ ಎಷ್ಟು ಎಂಬುದು ಯಂತ್ರದ ಲೆಕ್ಕ. ಮನುಷ್ಯನ ಲೆಕ್ಕ ಒಂದು ನೋಟಕ್ಕೆ ಎಷ್ಟು ಎಂಬುದು. ಈ ಆಟದ ಬಗೆಗೆ ನಾನು ಹೇಳಬೇಕೆಂದಿರುವುದು ಇದೊಂದನ್ನೇ: ಬೆಳೆಯನ್ನು ಆರಿಸುವ ಮೊದಲು ನಮ್ಮ ದಿನಚರಿಯನ್ನು ನೋಡಿಕೊಳ್ಳಬೇಕು, ಬೆಳೆಯನ್ನು ಆರಿಸಿಕೊಂಡು ದಿನಚರಿಯನ್ನು ಅದಕ್ಕೆ ಬಗ್ಗಿಸಲಾಗದು. ಮೊಳೆಗಾಗಿ ಐದೈದು ನಿಮಿಷಕ್ಕೊಮ್ಮೆ ಜೇಬಿಗೆ ಕೈಹಾಕುವ ವಿದ್ಯಾರ್ಥಿ ನಗರದ ಮೇಯರನಲ್ಲ, ಮೊಳೆಯಂಗಡಿಯ ಆಳು. ಅಂಥವರು ನನ್ನ ತರಗತಿಯ ಹಿಂದಿನ ಬೆಂಚುಗಳಲ್ಲಿದ್ದಾರೆ. ಬಸ್ಸಿಗೆ ಕಾಯುತ್ತಿರುವಾಗ, ಬಿಲ್ಲು ಕಟ್ಟುವ ಸರದಿಯಲ್ಲಿ ನಿಂತಾಗ ಮೊಳೆ ಮಾಡುವುದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಅದು ಅದರ ತಕ್ಕ ಕಾಲ.

ದುಬಾರಿ ಸರಕಿನ ವ್ಯಾಮೋಹವೂ ಇಂಥದೇ. ಡೋನಟ್ ಎಂಬ ಸಿಹಿತಿಂಡಿಗೆ 950 ನಾಣ್ಯ ಎಂದಾಗ ಯಾರಿಗಾದರೂ ಆಸೆ ಹುಟ್ಟೀತು. ಬಿಡಿಸಿ ನೋಡಿ: ಅದಕ್ಕೆ ಒಂದು ಹಿಟ್ಟಿನ ಚೀಲ, ಒಂದು ಸಕ್ಕರೆ-ಮಸಾಲೆ ಬೇಕು. ಹಿಟ್ಟಿನ ಚೀಲವನ್ನು ಹಾಗೆಯೇ ಮಾರಿದರೆ 570, ಸಕ್ಕರೆ-ಮಸಾಲೆಗೆ 110. ಅಲ್ಲಿಗೆ 680 ಆಯಿತು. ಮುಕ್ಕಾಲು ಘಂಟೆ ಎಣ್ಣೆಯಲ್ಲಿ ಕರಿದು ನಾವು ಸೇರಿಸಿದ್ದು 270 ಮಾತ್ರ. ಹಿಟ್ಟಿನ ಚೀಲದ ಕಥೆ ಬೇರೆ. ಎರಡು ಬೀಜ, ಎರಡು ಬಟ್ಟೆ ಸೇರಿ 240ರ ಸಾಮಗ್ರಿ ಅರ್ಧ ಘಂಟೆಯಲ್ಲಿ 570 ಆಗಿ, 330ನ್ನು ಹೆಚ್ಚಿಸಿಕೊಳ್ಳುತ್ತದೆ. ಆದರೂ ಡೋನಟ್ಟನ್ನು ನಾನು ಪೂರ್ತಿ ನಿಂದಿಸಲಾರೆ. ಕಣಜವೆಂಬುದೊಂದಿದೆಯಲ್ಲ! ಆಟದ ಉಗ್ರಾಣ ಸರಕಿನ ಬೆಲೆಯನ್ನು ನೋಡುವುದಿಲ್ಲ, ತಲೆ ಎಣಿಸುತ್ತದೆ. ಹತ್ತು ನಾಣ್ಯದ ಲೋಹಕ್ಕೂ 950ರ ಡೋನಟ್ಟಿಗೂ ಅಲ್ಲಿ ಸಮಾನ ಸ್ಥಾನ. ಉಗ್ರಾಣ ತುಂಬಿದರೆ ಕೊಯ್ಲು ನಿಂತಿತು. ಆದ್ದರಿಂದ ಕಚ್ಚಾ ಪದಾರ್ಥವನ್ನು ಕೂಡಿಡದೆ, ಬಂದ ಹಾಗೆ ಅಂಗಡಿಗೆ ಸಾಗಿಸಿ, ಕಡಿಮೆ ಸಂಖ್ಯೆಯಲ್ಲಿ ಹೆಚ್ಚು ಬೆಲೆಯನ್ನು ಅಡಕಮಾಡುವುದು ಜಾಣತನ. ಉಗ್ರಾಣದ ಇಕ್ಕಟ್ಟು ಅರಿಯದವನ ಗಣಿತವೆಲ್ಲ ನೀರಿನಲ್ಲಿ ಮಾಡಿದ ಹೋಮ.

ಸಂತೆಯ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ಒಂದೊಂದು ಕಟ್ಟೆಯಲ್ಲಿ ಒಂದೇ ಬಗೆಯ ಸರಕನ್ನು ಐದರವರೆಗೆ ಇಡಬಹುದು, ಬೆಲೆಗೆ ಮೇಲ್ಮಿತಿಯುಂಟು. ಲೋಕದ ಯಾವುದೋ ಮೂಲೆಯ ಮೇಯರನೊಬ್ಬ ಬಂದು ಕೊಳ್ಳುತ್ತಾನೆ. ಮಾತಿಲ್ಲ, ಚೌಕಾಸಿಯಿಲ್ಲ. ನಮ್ಮ ಊರಿನ ಸಂತೆಯನ್ನು ಕಂಡವರಿಗೆ ಇದು ಸ್ವಲ್ಪ ಸಪ್ಪೆ ಎನಿಸೀತು.

ಚೌಕಾಸಿ ಇರುವುದು ಬೇರೆಡೆ. ಆಟದಲ್ಲಿ ‘ಸಿಮ್‌ಕ್ಯಾಶ್’ ಎಂಬ ಎರಡನೆಯ ನಾಣ್ಯವಿದೆ. ಆಡುತ್ತ ಹೋದರೆ ಅದು ಚಿಲ್ಲರೆಯಾಗಿ ಸಿಕ್ಕುತ್ತದೆ. ಹೇರಳವಾಗಿ ಬೇಕೆಂದರೆ ಜೇಬಿನ ನಿಜವಾದ ರೂಪಾಯಿ ತೆರಬೇಕು. ಅದನ್ನು ಕೊಟ್ಟರೆ ಅಪೂರ್ಣವಾದ ಕೆಲಸ ತತ್‌ಕ್ಷಣ ಪೂರ್ಣವಾಗುತ್ತದೆ. ಆ ರೂಪಾಯಿಗೆ ನಾವು ಪಡೆದದ್ದು ಸಿಮೆಂಟನ್ನಲ್ಲ; ಸಿಮೆಂಟು ಐವತ್ತು ನಿಮಿಷಕ್ಕೆ ತಾನಾಗಿಯೇ ಬರುತ್ತಿತ್ತು. ಪಡೆದದ್ದು ಆ ಐವತ್ತು ನಿಮಿಷವನ್ನು. ಅದನ್ನಾದರೂ ನಮ್ಮ ಬಾಳಿಗೆ ಸೇರಿಸಿಕೊಳ್ಳಲು ಬರುವಂತಿಲ್ಲ. ಬೆಳೆಯನ್ನು ದಿನಚರಿಗೆ ಹೊಂದಿಸಿಕೊಂಡವನಿಗೆ ಈ ನಾಣ್ಯದ ಅಗತ್ಯ ಬಹಳ ವಿರಳ. ಕೈಗೆ ಬಂದ ಚಿಲ್ಲರೆಯನ್ನು ಅವಸರಕ್ಕೆ ಸುಡದೆ, ಕಾರ್ಖಾನೆಯ ತಾಣವನ್ನೋ ಅಂಗಡಿಯ ಸರದಿಯನ್ನೋ ಹಿಗ್ಗಿಸಲು ವೆಚ್ಚಮಾಡಿದರೆ, ಆಮೇಲಿನ ಪ್ರತಿಯೊಂದು ನೋಟಕ್ಕೂ ಫಲ ಹೆಚ್ಚುತ್ತದೆ. ಕೆರೆಯ ಏರಿಗೆ ಹಾಕಿದ ಮಣ್ಣು ವ್ಯರ್ಥವಾಗದು.

ಕೆಲವರು ಇದಕ್ಕಿಂತಲೂ ಮುಂದೆ ಹೋಗಿ ಎರಡನೆಯ ಊರೊಂದನ್ನು ಕಟ್ಟುತ್ತಾರೆ. ಅದರ ಏಕೈಕ ಕರ್ತವ್ಯ, ಅಗ್ಗದ ಬೆಲೆಗೆ ಸರಕು ಒದಗಿಸಿ ಮೊದಲ ಊರನ್ನು ಪೋಷಿಸುವುದು. ಅಲ್ಲಿ ಉದ್ಯಾನವಿಲ್ಲ, ಶಾಲೆಯಿಲ್ಲ, ಜನ ಹೆಸರಿಗಷ್ಟೆ. ಉದ್ದಕ್ಕೂ ಕಾರ್ಖಾನೆಗಳ ಸಾಲು. ಆದಾಯದ ದೃಷ್ಟಿಯಿಂದ ಇದನ್ನು ಮೀರಿಸುವ ಉಪಾಯವಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಬಾಂಬು ಹಾಕುವುದಕ್ಕಿಂತ ಊರು ಕಟ್ಟುವುದು ಸೊಗಸು ಎಂಬ ಸಂತೋಷದಿಂದ ಹುಟ್ಟಿದ ಆಟದಲ್ಲಿ ಯಾರೂ ವಾಸಿಸಲು ಬಯಸದ ಊರೊಂದನ್ನು ಕಟ್ಟುವುದಕ್ಕೆ ನನಗೆ ಕೈ ಬರುವುದಿಲ್ಲ.

ನನ್ನದು ಒಂದೇ ಊರು. ಬೆಳಗ್ಗೆ ಹೊರಡುವಾಗ ಅಂಗಡಿಗೆ ಸಿಮೆಂಟು, ಕಾರ್ಖಾನೆಗೆ ಮೂರು ಘಂಟೆಯ ಬಟ್ಟೆ. ಮಧ್ಯಾಹ್ನ ಆ ಬಟ್ಟೆ ಹಿಟ್ಟಿನ ಚೀಲಕ್ಕೆ ಹೋಗುತ್ತದೆ. ಕಾರ್ಖಾನೆಗೆ ಮತ್ತೆ ಖನಿಜ, ರಾಸಾಯನಿಕ. ಸಂಜೆ ಮನಸ್ಸಿದ್ದರೆ ನಾಲ್ಕಾರು ಮೊಳೆ. ರಾತ್ರಿ ಹತ್ತೂವರೆಗೆ ಎಲ್ಲ ತಾಣಗಳಿಗೂ ವಿದ್ಯುತ್ ಭಾಗ ಬಿತ್ತಿ ಫೋನನ್ನು ಬೀರುವಿನ ಮೇಲಿಡುತ್ತೇನೆ. ಬೆಳಗಿನ ಐದೂವರೆಗೆ ಅದು ಸಿದ್ಧವಾಗಿರುತ್ತದೆ. ನಾನು ಏಳುವುದು ಆರಕ್ಕೆ.